ಇಪ್ಪತ್ತಕ್ಕೆ ಇಪ್ಪತ್ತೊಂದು

ಮಾನ್ಯ ಅಧ್ಯಕ್ಷರೇ, ಇಂದು ಸನ್ಮಾನಗೊಂಡ ನಮ್ಮ ಲೆಕ್ಕದ ಮೇಡಂ ಅವರೇ, ಮೂರನೇ ಸಾಲಿನಲ್ಲಿ ಕುಳಿತು ‘ಬೇಗ ಮುಗಿಸು’ ಎಂದು ಕಣ್ಣಲ್ಲೇ ಗದರುತ್ತಿರುವ ನನ್ನ ಮಗಳೇ, ಹಗಲೆಲ್ಲ ದುಡಿದು ಸಂಜೆ ಈ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಲೇ ಕಲಿತ ಸಭಿಕರೇ,

ಮೇಡಂ ನಿವೃತ್ತರಾದರು. ಭಾನುವಾರ ತಮ್ಮ ಅಕ್ಕನ ಊರಲ್ಲೇ ನೆಲೆಸಲು ಹೊರಡುತ್ತಾರೆ. ಸಂತೋಷದಿಂದ ಬೀಳ್ಕೊಡಬೇಕೆಂದು ನನಗೆ ಅಪ್ಪಣೆಯಾಗಿದೆ. ಸಂತೋಷದಿಂದಲೇ ಮಾತನಾಡುತ್ತೇನೆ, ಬೀಳ್ಕೊಡುವ ವಿಷಯ ಆಮೇಲೆ ನೋಡೋಣ.

ನಾನು ಬೇಕರಿಯವನು. ನಮ್ಮ ಕಸುಬಿನವರಿಗೆ ಒಂದು ಚಾಳಿ: ಎಲ್ಲವನ್ನೂ ಹಿಟ್ಟಿನ ಲೆಕ್ಕದಲ್ಲೇ ಅಳೆಯುತ್ತೇವೆ. ಮೊದಲ ಸಂಜೆ ಮೇಡಂ ಕೇಳಿದರು: “ಹಿಟ್ಟು, ನೀರು ಐದಕ್ಕೆ ಮೂರು. ಕಲಸಿದ ಮುದ್ದೆ ಹದಿನಾರು ಕಿಲೋ. ನೀರೆಷ್ಟು?”

ನಾನು ಎದೆಯುಬ್ಬಿಸಿ ಹೇಳಿದೆ: “ಒಂಬತ್ತು ಕಿಲೋ ಆರುನೂರು ಗ್ರಾಂ!”

“ಅದು ಬ್ರೆಡ್ ಆಗಲ್ಲ ಸ್ವಾಮಿ, ಪೋಸ್ಟರ್ ಅಂಟಿಸೋ ಗೋಂದಾಗುತ್ತೆ. ಹದಿನಾರೂ ಹಿಟ್ಟೇ ಅಂದ್ಕೊಂಡ್ರಾ? ಅದರೊಳಗೆ ನೀರೂ ಇದೆಯಲ್ಲ! ಒಂದು ಪಾಲು ಗೊತ್ತಿಲ್ವಾ? ಎಕ್ಸ್ ಅನ್ನಿ. ಐದು ಎಕ್ಸು, ಮೂರು ಎಕ್ಸು, ಕೂಡಿದ್ರೆ ಎಂಟು ಎಕ್ಸು.”

ಎಂಟು ಎಕ್ಸ್ ಹದಿನಾರಾದರೆ ಎಕ್ಸ್ ಎರಡು. ಹಿಟ್ಟು ಹತ್ತು, ನೀರು ಆರು! ಮೂವತ್ತು ವರ್ಷ ಕೈ ಮಾಡಿದ್ದನ್ನು ತಲೆ ಅಂದು ಕಂಡಿತು.

ಇನ್ನೊಂದು ಸಂಜೆ ಬೆಳವಣಿಗೆಯ ಲೆಕ್ಕ. ಹದಿನಾರು ಲೀಟರ್ ಮುದ್ದೆ ಗಂಟೆಗೆ ಅರ್ಧದಷ್ಟು ಉಬ್ಬುತ್ತದೆ, ಎರಡು ಗಂಟೆಗೆ ಎಷ್ಟು? ಹದಿನಾರಕ್ಕೆ ಎಂಟು, ಮತ್ತೆ ಎಂಟು ಕೂಡಿ ಮೂವತ್ತೆರಡು ಎಂದೆ.

“ಅರ್ಧ ಯಾವುದರದ್ದು? ಆಗ ಎಷ್ಟಿರುತ್ತೋ ಅದರದ್ದು. ಮೊದಲ ಗಂಟೆಗೆ ಇಪ್ಪತ್ನಾಲ್ಕು, ಆಮೇಲೆ ಮೂವತ್ತಾರು. ಉಬ್ಬಿದ್ದೂ ಉಬ್ಬುತ್ತೆ ರೀ!”

ಉಬ್ಬಿದ್ದೂ ಉಬ್ಬುತ್ತದೆ! ಎಷ್ಟು ನಿಜ, ಸಭಿಕರೇ! ಇದು ಒಂದು ವರ್ಷದ ತರಗತಿ. ನಾನು ಪಾಸೂ ಆದೆ. ಆದರೂ ನಾಲ್ಕು ವರ್ಷ ಬಂದೆ. ನಗಬೇಡಿ. ಹಿಂದಿನ ಬೆಂಚಿನ ದರ್ಜಿಯವರೇ, ನೀವಂತೂ ನಗಲೇಬೇಡಿ. ಈ ಕ್ಲಾಸಿಗೆಂದೇ ನನಗೆ ಹೊಸ ಹೊಸ ಶರ್ಟು ಹೊಲಿದುಕೊಟ್ಟವರು ನೀವೇ.

ಮೊನ್ನೆ ಮಗಳು ಹೇಳಿದಳು: “ಅಪ್ಪಾ, ಅಮ್ಮ ಹೋಗಿ ಒಂಬತ್ತು ವರ್ಷ ಆಯ್ತು. ಲೆಕ್ಕದ ಕ್ಲಾಸಿಗೆ ಯಾರಾದ್ರೂ ಸೆಂಟು ಹಾಕ್ಕೊಂಡು ಹೋಗ್ತಾರಾ? ಹೇಳೋದಿದ್ರೆ ಹೇಳ್ಬಿಡು. ಭಾನುವಾರ ಬಸ್ಸಿನ ಹಿಂದೆ ಓಡೋ ವಯಸ್ಸಲ್ಲ ನಿನ್ನದು.”

ಬಾಯಿ ಬಿಟ್ಟು ಹೇಳುವ ಧೈರ್ಯ ಬರಲಿಲ್ಲ. ಒಂದು ಲೆಕ್ಕ ಕಟ್ಟಿದೆ. ಇಬ್ಬರ ವಯಸ್ಸಿನ ಅನುಪಾತ ಇಪ್ಪತ್ತಕ್ಕೆ ಇಪ್ಪತ್ತೊಂದು. ಕೂಡಿದರೆ ನೂರ ಇಪ್ಪತ್ತಮೂರು. ನಲವತ್ತೊಂದು ಎಕ್ಸ್, ಎಕ್ಸ್ ಮೂರು. ಒಬ್ಬರಿಗೆ ಅರವತ್ತು, ಅವರಿಗೆ ಈಗ ತಾನೇ ಶಾಲು ಹೊದಿಸಿದೆವು. ಇನ್ನೊಬ್ಬನಿಗೆ ಅರವತ್ತಮೂರು, ಅವನು ಮೈಕು ಹಿಡಿದು ಬೆವರುತ್ತಿದ್ದಾನೆ.

ಹತ್ತು ವರ್ಷ ಕೂಡಿಸಿ: ಎಪ್ಪತ್ತಕ್ಕೆ ಎಪ್ಪತ್ತಮೂರು. ಮೂವತ್ತು ಕೂಡಿಸಿ: ತೊಂಬತ್ತಕ್ಕೆ ತೊಂಬತ್ತಮೂರು. ವ್ಯತ್ಯಾಸ ಅದೇ ಮೂರು. ಆದರೆ ಬದುಕಿದಷ್ಟೂ ಇಬ್ಬರೂ ಸಮಸಮಕ್ಕೆ ಹತ್ತಿರವಾಗುತ್ತಾರೆ. ಬೇರೆ ಬೇರೆ ಊರಿನಲ್ಲಿದ್ದರೂ ಅನುಪಾತ ಅಷ್ಟೇ ಅಲ್ಲವೇ ಎಂದು ಮೇಡಂ ಕೇಳಬಹುದು. ಹೌದು, ಅಷ್ಟೇ. ಆದರೆ ಪಕ್ಕದಲ್ಲಿ ಕೂತು ತಾಳೆ ನೋಡುವವರು ಬೇಡವೇ?

ಮೇಡಂ, ಉತ್ತರ ಈಗಲೇ ಬೇಡ. ಭಾನುವಾರದವರೆಗೆ ಯೋಚಿಸಿ. ಇಲ್ಲವೆಂದರೆ ಬಸ್ಸಿಗೆ ನಿಮ್ಮ ಪೆಟ್ಟಿಗೆ ನಾನೇ ಹೊತ್ತು ತರುತ್ತೇನೆ, ಬೇಸರವಿಲ್ಲ...

ಏನಿದು? ಮೇಡಂ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲ ತೆಗೆದು ಕೆಳಗಿಟ್ಟರು. ಸೆರಗಿನಿಂದ ಕುರ್ಚಿಯ ಧೂಳು ಒರೆಸುತ್ತಿದ್ದಾರೆ. ನನ್ನ ಕಡೆಗೇ ನೋಡುತ್ತಿದ್ದಾರೆ.

ಅಧ್ಯಕ್ಷರೇ, ದಯವಿಟ್ಟು ನೀವು ಅಲ್ಲಿಗೆ ಸರಿಯಬೇಡಿ! ಇಷ್ಟು ಹೊತ್ತು ಸಹಿಸಿಕೊಂಡ ಎಲ್ಲರಿಗೂ ನಾನು ಋಣಿ. ಹೇಳಬೇಕಾದದ್ದು ಇನ್ನೂ ಎರಡು ಪುಟವಿತ್ತು; ನಾನು ಕೂರಲು ಹೊರಟೆ. ನಮಸ್ಕಾರ!