ಎಂಟು ನಿಮಿಷಕ್ಕೆ ನಿಲ್ಲುತ್ತಿದ್ದ ಯಂತ್ರದ ವಿಚಾರ

ಸಮಯ ಮಧ್ಯಾಹ್ನ 12-40. ಬೆಳಿಗ್ಗೆ ಹತ್ತರಿಂದ ಈವರೆಗೆ ಠಾಣೆಯ ಹಿತ್ತಲಿನಲ್ಲಿ ನಮ್ಮ ಹುಲ್ಲು ಕತ್ತರಿಸುವ ಯಂತ್ರವನ್ನು ಓಡಿಸಿ ನೋಡುವುದರಲ್ಲೇ ಹೊತ್ತು ಕಳೆಯಿತು.

ನಾನು, ಹುಲ್ಲಿನ ಮೇಸ್ತ್ರಿ ಎಂದು ಎಲ್ಲರೂ ಕರೆಯುತ್ತಿದ್ದ ದಿವಂಗತರ ಹೆಂಡತಿ, ವಯಸ್ಸು 54 ವರ್ಷ, ಹೊಲಿಗೆ ಕೆಲಸ, ವಾಸ ಅಂಚೆ ಕಚೇರಿ ಹಿಂದಿನ ಓಣಿಯ ಮೂರನೇ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಯಜಮಾನರು ತೀರಿಕೊಂಡು ಇಂದಿಗೆ ನಾಲ್ಕು ತಿಂಗಳು ಹನ್ನೊಂದು ದಿನ. ಅವರ ಯಂತ್ರ ಅಂದಿನಿಂದ ನಡುಮನೆಯಲ್ಲಿ, ನನ್ನ ಮಂಚದಿಂದ ಮೂರು ಅಡಿ ದೂರದಲ್ಲಿ ನಿಂತಿತ್ತು. ಅದರ ಸದ್ದು ಕೇಳೋಣವೆಂದು ಕಳೆದ ತಿಂಗಳು ಹಗ್ಗ ಎಳೆದೆನು. ಸ್ಟಾರ್ಟ್ ಆಗಲಿಲ್ಲ. ಎಂಜಿನ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಮೈದುನ ಅದನ್ನು ಒಯ್ದು, ಹಳೆಯ ಪೆಟ್ರೋಲ್ ಒಳಗೆ ಅಂಟಾಗಿದೆ ಎಂದು ಕಾರ್ಬುರೇಟರ್ ತೊಳೆದು, ಸೋಮವಾರ ಸಂಜೆ 5ಕ್ಕೆ ತಂದುಕೊಟ್ಟನು. ಮಂಗಳವಾರದಿಂದ ಅದು ಎಂಟು ನಿಮಿಷ ಓಡುವುದು, ಕೆಮ್ಮುವುದು, ನಿಲ್ಲುವುದು. ಮೊದಲು ಕಪ್ಪಗಿದ್ದ ಕಾರ್ಬುರೇಟರ್ ಈಗ ಹೊಳೆಯುತ್ತಿತ್ತು. ಅಣ್ಣನ ಅಸಲಿ ಸಾಮಾನು ಮಾರಿಕೊಂಡು ನಕಲಿ ಹಾಕಿದ್ದಾನೆಂದು ತಿಳಿದು, ಅವನನ್ನು ಒಂದು ಮಾತೂ ಕೇಳದೆ ನಿನ್ನೆ ದೂರು ಕೊಟ್ಟೆನು.

ಇಂದು ಅವನನ್ನು ಕರೆಸಲಾಯಿತು. ಅವನು ನನ್ನ ಕಡೆ ನೋಡಲಿಲ್ಲ. 10-10ಕ್ಕೆ ಹೆಡ್ ಕಾನ್‌ಸ್ಟೇಬಲ್ ಹಗ್ಗ ಎಳೆದರು. 10-18ಕ್ಕೆ ಯಂತ್ರ ನಿಂತಿತು. ಪೆಟ್ರೋಲ್ ಇದೆಯೇನಮ್ಮಾ ಎನ್ನುತ್ತಾ ಅವರು ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಉಸ್ ಎಂದು ಗಾಳಿ ಒಳಗೆ ಹೋಯಿತು. ಮತ್ತೆ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಮೈದುನ ಮುಚ್ಚಳ ಇಸಿದುಕೊಂಡು ಬಿಸಿಲಿಗೆ ಹಿಡಿದನು. ಪೆಟ್ರೋಲ್ ಕೆಳಗಿಳಿಯಲು ಗಾಳಿಯಾಡಲೆಂದು ಇರುವ ಸಣ್ಣ ತೂತಿನಲ್ಲಿ ಮೇಣ ತುಂಬಿತ್ತು. ಮೂಗು ಬಾಯಿ ಎರಡೂ ಕಟ್ಟಿ ಓಡು ಅಂದ್ರೆ ಯಾರು ಓಡ್ತಾರೆ, ಇದ್ಯಾವ ಪುಣ್ಯಾತ್ಮನ ಕೆಲಸ ಎಂದನು.

ನನ್ನದೇ ಎಂದೆನು. ಯಜಮಾನರ ಅಂಗಿಗಳನ್ನೆಲ್ಲ ಒಗೆದಾಗಿತ್ತು. ಅವರ ಮೈಯ ಪೆಟ್ರೋಲ್ ವಾಸನೆ ಆ ಟ್ಯಾಂಕಿನಲ್ಲಿ ಮಾತ್ರ ಉಳಿದಿತ್ತು. ಅದೂ ಹಾರಿಹೋದೀತೆಂದು ಮೇಣದ ಬತ್ತಿ ಕರಗಿಸಿ ಹಾಕಿದ್ದೆನು.

ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿದರು. ಮೈದುನ, ನಾನೂ ದಡ್ಡನೇ ಅತ್ತಿಗೆ, ಮೂರು ನಿಮಿಷ ಓಡಿಸಿ ಸರಿ ಇದೆ ಅಂತ ಕೊಟ್ಬಿಟ್ಟೆ ಎಂದನು. ನಂತರ ಕಾರ್ಬುರೇಟರ್ ಬಿಚ್ಚಿ ಅದರ ತಳ ತೋರಿಸಿದನು. ಅದನ್ನು ಕೂರಿಸಿದ ತಾರೀಖನ್ನು ಯಜಮಾನರು ಮೊಳೆಯಿಂದ ಗೀಚಿದ್ದರು. ಏಳರ ಅಂಕಿಯ ನಡುವೆ ಗೆರೆ ಎಳೆಯುವುದು ಅವರ ಅಭ್ಯಾಸ. ಆ ಗೆರೆ ಇತ್ತು.

ಸೂಜಿಯಿಂದ ಮೇಣ ತೆಗೆದ ಮೇಲೆ ಯಂತ್ರ 11-25ರಿಂದ 12-10ರವರೆಗೆ ಹಿತ್ತಲಿನ ಹುಲ್ಲು ಕತ್ತರಿಸುತ್ತಾ ಒಂದೇ ದನಿಯಲ್ಲಿ ಓಡಿತು. ಕಳ್ಳ ಸಿಗ್ಲಿಲ್ಲ, ಠಾಣೆಗೆ ಕ್ಷೌರ ಆಯ್ತು ನೋಡಮ್ಮ ಎಂದು ಹೆಡ್ ಕಾನ್‌ಸ್ಟೇಬಲ್ ಹೇಳಿದರು. ನನಗೆ ನಗು ಬಂತು.

ಮೈದುನ ಏನನ್ನೂ ಕದ್ದಿಲ್ಲ. ದೂರನ್ನು ಹಿಂದಕ್ಕೆ ಪಡೆದಿದ್ದೇನೆ. ಇಲ್ಲಿ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದೆ, ಹೇಳಿದ್ದೆಲ್ಲ ನಿಜ. ಊಟ ಮಾಡಿಕೊಂಡು ಹೋಗು ಎಂದು ಅವನನ್ನು ಕರೆದೆನು. ಇವತ್ತು ಬೇಡ ಅತ್ತಿಗೆ, ಇವತ್ತು ನಂಗೆ ಸಿಟ್ಟಿದೆ ಎಂದನು. ನಾಳೆ ಒಂದು ಗಂಟೆಗೆ ಬರುತ್ತಾನೆ.

ಸ್ಥಳ: ಠಾಣೆ
ದಿನಾಂಕ: 14, ಶನಿವಾರ
(ಸಹಿ)