ತಟ್ಟದೆ ಹತ್ತಿದ ಮೆಟ್ಟಿಲು

ಈ ಶ್ರದ್ಧಾಂಜಲಿ ಸಭೆಗೆ ಬಂದಿರುವ ಹಿರಿಯರಿಗೆ, ಮಿಲ್ಲಿನ ಹಳೆಯ ಕೆಲಸಗಾರರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಅತ್ತೆಗೆ, ಅವರ ಮಗಳಿಗೆ — ನಮಸ್ಕಾರ.

ಈಗಷ್ಟೇ ಅಧ್ಯಕ್ಷರು ನನ್ನನ್ನು ಇತಿಹಾಸದ ಪದವೀಧರ ಎಂದರು. ಮ್ಯೂಸಿಯಂನ ಕರಪತ್ರದಲ್ಲೂ ಹಾಗೇ ಇದೆ. ನಾನು ಎಂಟನೇ ತರಗತಿಗೇ ಶಾಲೆಗೆ ಬೆನ್ನು ತೋರಿಸಿದವನು. ಇಷ್ಟು ವರ್ಷ ಬಾಯಿ ಬಿಡಲಿಲ್ಲ, ಇವತ್ತು ಬಿಡುತ್ತಿದ್ದೇನೆ. ಮ್ಯೂಸಿಯಂನ ಗೈಡ್ ಆಗಿ ಪ್ರವಾಸಿಗರ ಮುಂದೆ ನಾನು ಒಪ್ಪಿಸುತ್ತಿದ್ದ ಈ ಊರಿನ ಕಥೆಯೆಲ್ಲ ಈ ಫೋಟೋದಲ್ಲಿರುವವರು ಕಲಿಸಿದ್ದು. ನಮ್ಮ ಟಕ್‌ಟಕ್ ಮಾವ. ಮಿಲ್ಲು ನಡೆಯುತ್ತಿದ್ದಾಗ ಬಣ್ಣದ ಮನೆಯಲ್ಲಿ ಬಟ್ಟೆ ಅದ್ದಿದವರು. ಮಿಲ್ಲು ಮುಚ್ಚಿ ಮ್ಯೂಸಿಯಂ ಆದ ಮೇಲೆ ಅದೇ ಬಣ್ಣದ ಮನೆಯನ್ನು ಜನರಿಗೆ ತೋರಿಸಿದವರು.

ಅವರ ಬಳಿ ಎರಡು ಇತಿಹಾಸ ಇದ್ದವು — ಒಂದು ಟಿಕೆಟ್ ಕೊಂಡವರಿಗೆ, ಒಂದು ನನಗೆ.

ಕರಪತ್ರದಲ್ಲಿ ನಮ್ಮದು ‘ಏಳು ಬಣ್ಣದ ನದಿ’. ನಿಜ, ಮಿಲ್ಲಿನಲ್ಲಿ ಯಾವತ್ತು ಯಾವ ಬಣ್ಣವೋ ಅವತ್ತು ಹೊಳೆಗೂ ಅದೇ ಬಣ್ಣ. ಮಾವ ನನ್ನ ಕಿವಿಯಲ್ಲಿ ಹೇಳುತ್ತಿದ್ದರು, “ಹೊಳೆಗಷ್ಟೇ ಅಲ್ಲ ಕಣೋ, ನಮ್ಮ ಕಫಕ್ಕೂ ಏಳು ಬಣ್ಣ ಇತ್ತು.” ಕಬ್ಬಿಣದ ಸೇತುವೆ ಎರಡು ದಡಗಳನ್ನು ಬೆಸೆಯಿತಂತೆ. ಮಾವ ಏನನ್ನುತ್ತಿದ್ದರು ಗೊತ್ತೇ? “ಬಟ್ಟೆ ಗಾಡಿ ಸೇತುವೆ ಮೇಲೆ, ಬಟ್ಟೆ ಮಾಡಿದೋರು ದೋಣೀಲಿ.” ಇನ್ನು ಆ ಚಿಮಣಿ, ಊರಿನ ಕಿರೀಟ — “ಕಿರೀಟ ಊರಿಗೆ, ಮಸಿ ನಮ್ಗೆ.”

ನಗಬೇಡಿ ಎನ್ನುವುದಿಲ್ಲ. ಅವರೂ ನಗುತ್ತಲೇ ಹೇಳುತ್ತಿದ್ದರು.

ಅವರಿಗೆ ಆ ಹೆಸರು ಯಾಕೆ ಬಂತು — ಹಳಬರಿಗೆ ಗೊತ್ತು. ಬಣ್ಣದ ಮನೆಯ ಹಬೆ ಕಬ್ಬಿಣವನ್ನು ತಿನ್ನುತ್ತಿತ್ತು. ಅದಕ್ಕೇ ಅಲ್ಲಿನವರು ಸ್ಪ್ಯಾನರಿನಿಂದ ಮೆಟ್ಟಿಲನ್ನು ಹೀಗೆ — ಟಕ್ — ತಟ್ಟಿ, ಸದ್ದು ಕೇಳಿ, ಆಮೇಲೆ ಕಾಲಿಡುತ್ತಿದ್ದರು. ಗಟ್ಟಿ ಇದ್ದರೆ ಒಂದು ಸದ್ದು, ಸವೆದಿದ್ದರೆ ಇನ್ನೊಂದು. ಮಾವ ಮನೆಯ ಸಿಮೆಂಟ್ ಮೆಟ್ಟಿಲನ್ನೂ ತಟ್ಟುತ್ತಿದ್ದರು. ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರು, “ರೀ, ಇದು ಮನೆ ಕಣ್ರೀ, ಬಾಯ್ಲರ್ ಅಲ್ಲ!”

ಅಂಥ ಮನುಷ್ಯ ಮಿಲ್ಲಿನ ಸೈರನ್ ಗೋಪುರದ ಕಬ್ಬಿಣದ ಮೆಟ್ಟಿಲು ಮುರಿದು, ಬಿದ್ದು ತೀರಿಹೋದರು. ‘ಸ್ವಂತ ಅಜಾಗರೂಕತೆ’ ಎಂದು ಆಡಳಿತ ಮಂಡಳಿ ಹೇಳಿದೆ. ಮೊನ್ನೆ ಅತ್ತೆ ನನ್ನ ಕೈ ಹಿಡಿದು ಕೇಳಿದರು — “ಹೌದೇನೋ? ಸಾಯೋ ದಿನವೇ ತಟ್ಟೋದು ಮರೆತ್ರಾ?”

ಇಲ್ಲ ಅತ್ತೆ. ಮರೆಯಲಿಲ್ಲ.

ಅವತ್ತು ದೊಡ್ಡ ಅತಿಥಿ ಬಂದಿದ್ದರು, ಕ್ಯಾಮೆರಾ ಬಂದಿತ್ತು. ಗೋಪುರ ಹತ್ತುವಾಗ ಮಾವ ಮುಂದೆ, ಅತಿಥಿ ಹಿಂದೆ. ನಾನು ಕೆಳಗೆ ಜನರನ್ನು ಸರಿಸುತ್ತಿದ್ದೆ. ಮಾವ ಎರಡು ಮೆಟ್ಟಿಲು ತಟ್ಟಿದ್ದರಷ್ಟೆ. ಮ್ಯಾನೇಜರು — ಅಲ್ಲೇ ವೇದಿಕೆಯ ಮೇಲೆ ಕೂತಿದ್ದಾರೆ — ಏನೆಂದರು ಎಂದು ನಾನೇ ಹೇಳುತ್ತೇನೆ.

“ರೀ, ನಿಲ್ಲಿಸ್ರಿ ಆ ಟಕ್‌ಟಕ್. ರೆಕಾರ್ಡಿಂಗ್ ಕೆಡುತ್ತೆ.”

“ಸಾರ್, ಮೇಲಿನವು ತಿಂದುಹೋಗಿವೆ. ನೋಡ್ಕೊಂಡು ಹತ್ತಬೇಕು.”

“ನಿಮ್ಮ ತಾಳ ಸಾಕು. ಕೊಡಿ ಇಲ್ಲಿ.”

ಸ್ಪ್ಯಾನರು ಕಸಿದು ನನ್ನ ಕೈಗೆ ಕೊಟ್ಟರು. ಮಾವ ನನ್ನ ಕಡೆ ನೋಡಿದರು. ಹತ್ತಿದರು.

ಆ ಮೆಟ್ಟಿಲುಗಳನ್ನು ಬದಲಾಯಿಸಿ ಎಂದು ಅವರು ಮೊದಲೇ ಕೇಳಿದ್ದರು. “ತುಕ್ಕು ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಇರಲಿ” ಎಂದು ಆಡಳಿತ ಮಂಡಳಿಯಿಂದ ಉತ್ತರ ಬಂದಿತ್ತು. ನಿಮ್ಮ ಇತಿಹಾಸಕ್ಕೆ ತುಕ್ಕು ಬೇಕು — ಅದನ್ನು ತುಳಿಯುವ ಕಾಲು ಮಾತ್ರ ಅವರದು.

ಇಲ್ಲಿ ‘ಹದವಾಗಿ ಮಾತಾಡಿದರೆ’ ಮಾವನ ಜಾಗ ನನಗೇ ಎಂದು ಮ್ಯಾನೇಜರು ನಿನ್ನೆ ಹೇಳಿ ಕಳಿಸಿದ್ದರು. ಹದ ತಪ್ಪಿದೆ. ನನ್ನ ಬ್ಯಾಡ್ಜನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಅತ್ತೆ, ಸ್ಪ್ಯಾನರು ಇಲ್ಲಿದೆ, ತಗೊಳ್ಳಿ. ಇದನ್ನು ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ ಎಂದು ಮ್ಯೂಸಿಯಂನವರು ಕೇಳಿಕೊಂಡು ಬರುತ್ತಾರೆ. ಕೊಡಬೇಡಿ.

ಈಗ ಎಲ್ಲರೂ ಎದ್ದು ನಿಲ್ಲಿ. ವೇದಿಕೆಯ ಮೇಲಿರುವವರೂ. ಅವತ್ತು ನಿಮಗೆ ಅವರ ಸದ್ದು ಬೇಡವಾಗಿತ್ತು. ಇವತ್ತು ಸದ್ದಿಲ್ಲ — ಕೇಳಿಸಿಕೊಳ್ಳಿ.

ನಾಳೆ ಬೆಳಿಗ್ಗೆ ನಾನು ಈ ಊರು ಬಿಡುತ್ತೇನೆ.