ಹೊಡೆದುಹಾಕಿದ ಎರಡು ಸಾಲು

ಮಾನ್ಯ ಅಧ್ಯಕ್ಷರಾದ ದೊಡ್ಡಯ್ಯನವರೇ, ವಿಶಾಖಪಟ್ಟಣದಿಂದ ಬಂದಿರುವ ನೌಕಾಪಡೆಯ ಅತಿಥಿಗಳೇ, ನಮ್ಮ ವಿಜಯವಾಡ ಕನ್ನಡ ಸಂಘದ ಬಂಧುಗಳೇ, ಸಭಿಕರೇ,

ಮೂವತ್ತು ವರ್ಷ ಇಲ್ಲಿ ಉಂಡವನು ನಾನು. ನನ್ನ ತುಮಕೂರು ಕನ್ನಡದಲ್ಲಿ ತೆಲುಗು ನುಸುಳಿದರೆ, ಹುಳಿಗೆ ಗೋಂಗೂರ ಸೊಪ್ಪು ಬಿತ್ತೆಂದು ಸಹಿಸಿಕೊಳ್ಳಿ.

ನಿವೃತ್ತನಾಗುವವನು ನಾಲ್ಕು ಒಳ್ಳೆಯ ಮಾತು ಆಡಬೇಕು. ಆದರೆ ಇವತ್ತು ನಾನು ಅವನ್ನು ಆಡುವುದಿಲ್ಲ. ಯಾಕೆ ಅಂತೀರಾ? ಹೇಳುತ್ತೇನೆ.

ವಿದ್ಯುತ್ ಮಂಡಳಿಯಲ್ಲಿ ನನ್ನ ಕೆಲಸವೇನು? ಜಲಾಶಯದ ನೀರಿನಿಂದ ಈ ಬೇಸಿಗೆಗೆ ಎಷ್ಟು ಕರೆಂಟ್ ತೆಗೆಯುವುದು, ಎಷ್ಟು ನೀರು ಉಳಿಸುವುದು ಎಂದು ಏಪ್ರಿಲ್‌ನಲ್ಲೇ ಹೇಳುವುದು. ಹೇಳಬೇಕಾದರೆ ಮುಂಗಾರು ಹೇಗಿರುತ್ತದೆಂದು ಮೊದಲೇ ತಿಳಿಯಬೇಕು. ಯಾರಿಗೆ ತಿಳಿಯುತ್ತದೆ ಸ್ವಾಮಿ? ನಮ್ಮ ಕಚೇರಿಯಲ್ಲಿ ಅಷ್ಟಿಷ್ಟು ತಿಳಿದಿದ್ದವರು ಹೈಮಾವತಿ ಒಬ್ಬರೇ. ನಲವತ್ತು ವರ್ಷದ ಮಳೆಯ ಲೆಕ್ಕ, ಸಮುದ್ರದ ಬಿಸಿಯ ಲೆಕ್ಕ, ಎಲ್ಲ ಅವರ ಕೈಯಲ್ಲಿತ್ತು.

ಎಂಬತ್ತೆಂಟರ ಏಪ್ರಿಲ್. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಎಲ್ಲರಿಗೂ ಭಯ. ಹೈಮಾವತಿ ಬರೆದುಕೊಟ್ಟರು: "ಹತ್ತರಲ್ಲಿ ಏಳು ಪಾಲು ಮಳೆ ಕಡಿಮೆ. ಮೂರು ಪಾಲು ಚೆನ್ನಾಗಿಯೇ ಬರಬಹುದು. ಜೂನ್‌ನಲ್ಲಿ ಮತ್ತೆ ನೋಡಿ ತೀರ್ಮಾನ ಬದಲಿಸಬೇಕು." ಮೇಲಿನವರಿಗೆ 'ಬರಬಹುದು' ಎಂಬ ಮಾತೇ ಆಗದು. ನಾನು ಕೊನೆಯ ಎರಡು ಸಾಲು ಹೊಡೆದುಹಾಕಿ, 'ಮಳೆ ಕಡಿಮೆ, ಖಚಿತ' ಎಂದು ಟೈಪ್ ಮಾಡಿಸಿದೆ. ಕೆಳಗೆ ಹೆಸರು ಮಾತ್ರ ಅವರದೇ ಇತ್ತು.

ನೀರು ಹಿಡಿದಿಟ್ಟೆವು. ಇಬ್ರಾಹಿಂಪಟ್ನಂನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಎಷ್ಟು ಕಲ್ಲಿದ್ದಲು ಉರಿಸಿದರೂ ಸಾಲಲಿಲ್ಲ. ವಿಶಾಖಪಟ್ಟಣದ ಸಣ್ಣ ಕಾರ್ಖಾನೆಗಳಿಗೆ ವಾರಕ್ಕೆ ಮೂರು ದಿನ ಕರೆಂಟ್ ಇಲ್ಲ, ಆಳುಗಳಿಗೆ ಕೂಲಿ ಇಲ್ಲ. ಜುಲೈನಲ್ಲಿ ಮಳೆ ಸುರಿಯಿತು ನೋಡಿ! ಉಳಿಸಿದ್ದ ನೀರನ್ನೆಲ್ಲ ಗೇಟು ತೆಗೆದು ಸುಮ್ಮನೆ ಬಿಟ್ಟೆವು.

ವಿಚಾರಣೆ ನಡೆಯಿತು. "ಖಚಿತ ಎಂದವರು ಯಾರು?" ಎಂದರು. ಹೈಮಾವತಿ ನನ್ನ ಮುಖ ನೋಡಿದರು. ನಾನು ಫೈಲು ನೋಡಿದೆ. ಅವರನ್ನು ವಿಶಾಖಪಟ್ಟಣದ ಉಗ್ರಾಣಕ್ಕೆ, ಬೋಲ್ಟು ನಟ್ಟು ಎಣಿಸಲು ಹಾಕಿದರು. ಹೊರಡುವ ದಿನ ಒಂದೇ ಮಾತು ಕೇಳಿದರು: "ಆ ಮೂರು ಪಾಲನ್ನು ಯಾಕೆ ತೆಗೆದಿರಿ, ಜಯರಾಮ್ ಗಾರು?" ಮರುವರ್ಷ ನನಗೆ ಬಡ್ತಿ ಸಿಕ್ಕಿತು. ಮುಂದಿನ ಸಾಲಿನಲ್ಲಿರುವ ನಮ್ಮ ಮನೆಯವರು ಅವತ್ತು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಮಂಗಳಾ, ಇದು ನಿನಗೂ ಗೊತ್ತಿಲ್ಲ.

ಕಳೆದ ಭಾನುವಾರ ವಿಶಾಖಪಟ್ಟಣಕ್ಕೆ ಹೋಗಿ ಅವರ ಬಾಗಿಲಲ್ಲಿ ನಿಂತೆ. ಕೈಮುಗಿದೆ. ಅವರು ಕೂರಲೂ ಹೇಳಲಿಲ್ಲ.

"ಆರು ವರ್ಷ ಆಯಿತಲ್ಲ ಸಾರ್. ಕ್ಷಮೆಗಿಮೆ ಬೇಡ. ನನಗಿನ್ನೂ ಎರಡು ವರ್ಷ ಸರ್ವೀಸ್ ಇದೆ. ನಡೆದದ್ದನ್ನು ಬರವಣಿಗೆಯಲ್ಲಿ ಕೊಡಿ."

ಮಂಡಳಿಗೆ ಪತ್ರ ಬರೆದಿದ್ದೇನೆ, ಇಲ್ಲಿದೆ. ಜೊತೆಗೆ ಅವರ ಕೈಬರಹದ ಹಾಳೆ, ಅದರ ಮೇಲೆ ನನ್ನ ಕೆಂಪು ಗೀಟು. ಇಷ್ಟು ದಿನ ಅದನ್ನು ಹರಿಯದೆ ಯಾಕಿಟ್ಟುಕೊಂಡೆನೋ ತಿಳಿಯದು. ಪಿಂಚಣಿ ನಿಲ್ಲಬಹುದು. ಮೂರು ಸಲ ಅಂಚೆಪೆಟ್ಟಿಗೆಯ ತನಕ ಹೋಗಿ ವಾಪಸು ಬಂದೆ. ಅದಕ್ಕೇ ಇಷ್ಟು ಜನರ ಎದುರು ಹೇಳಿಬಿಟ್ಟೆ. ಇನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಅಧ್ಯಕ್ಷರೇ, ತಾವು ಈ ಪತ್ರವನ್ನು ಓದಿ ಸಾಕ್ಷಿಯಾಗಿ ಸಹಿ ಹಾಕಬೇಕು. ಶಾಲು ಆಮೇಲಾಗಲಿ, ಆಗಲೂ ಹೊದಿಸುವ ಮನಸ್ಸಿದ್ದರೆ.

ಎದ್ದು ಹೋಗದೆ ಕೇಳಿದಿರಿ, ನಿಮ್ಮ ಋಣ ದೊಡ್ಡದು. ನಮಸ್ಕಾರ.